ಗೆರಸೆಯ ಮುಂದೆ ಕಳೆದ ಬದುಕು

ದುಬೈ, ಅಬುಧಾಬಿಗಳಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಲ್ಲಿ ಅನೇಕರು ಬೀಡಿಯ ದುಡ್ಡಿನಲ್ಲಿ ಓದಿದವರು. ಇದನ್ನು ಹೇಳಿಕೊಳ್ಳಲು ಸಂಕೋಚವೇಕೆ? ಹೋದ ವರ್ಷ ತೀರಿಕೊಂಡ ನನ್ನ ತಾಯಿಯೂ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತೆರಡು ವರ್ಷ ಬೀಡಿ ಕಟ್ಟಿದವರು. ಅವರ ನೆನಪಿಗೆ ಈ ನಾಲ್ಕು ಮಾತು.

ಬೀಡಿ ಕಟ್ಟುವುದು ನೋಡುವವರಿಗೆ ಹಗುರವಾದ ಕೆಲಸ. ಎಲೆ ಮಧ್ಯಪ್ರದೇಶ, ಒಡಿಶಾಗಳ ಕಾಡಿನದು; ಹೊಗೆಸೊಪ್ಪು ನಿಪ್ಪಾಣಿ, ಗುಜರಾತುಗಳದು. ಎಲೆಯನ್ನು ನೀರಿನಲ್ಲಿ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚಬೇಕು. ಇಷ್ಟೂ ಮಡಿಲ ಮೇಲಿನ ಗೆರಸೆಯಲ್ಲೇ ನಡೆಯಬೇಕು. ಸಾವಿರಕ್ಕೆ ಇಷ್ಟೆಂದು ಮಜೂರಿ.

ತಂದೆ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮ ದನದ ಕೆಲಸ, ಅಡುಗೆ ಮುಗಿಸಿ ಗೆರಸೆ ಹಿಡಿದರೆ ರಾತ್ರಿ ಹತ್ತರವರೆಗೂ ಕೈ ನಿಲ್ಲುತ್ತಿರಲಿಲ್ಲ. ನಾವು ಶಾಲೆಯಿಂದ ಬಂದು ಇಪ್ಪತ್ತೈದರ ಕಟ್ಟು ಮಾಡಿಕೊಡುತ್ತಿದ್ದೆವು. ನನ್ನ ಮಗ್ಗಿ ಗಟ್ಟಿಯಾದದ್ದು ಅಲ್ಲಿಯೇ. ಬ್ರಾಂಚಿನಲ್ಲಿ ಎಣಿಸುವಾತ ಚೆನ್ನಾಗಿಲ್ಲವೆಂದು ಹಿಡಿಹಿಡಿಯಾಗಿ ತೆಗೆದುಹಾಕಿದ ದಿನವೂ ಅಮ್ಮ ವಾದಿಸುತ್ತಿರಲಿಲ್ಲ. “ನಾಳೆ ಇನ್ನೂರು ಹೆಚ್ಚು ಕಟ್ಟಿದರಾಯಿತು ಮಗಾ” ಎನ್ನುತ್ತಿದ್ದರು.

1966ರ ಬೀಡಿ ಕಾರ್ಮಿಕರ ಕಾಯ್ದೆ, ಮನೆಯಲ್ಲಿ ಕುಳಿತು ಕಟ್ಟುವ ಹೆಂಗಸರನ್ನೂ ಕಾರ್ಮಿಕರೆಂದು ಒಪ್ಪಿತು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ, 1977ರಲ್ಲಿ ಪ್ರಾವಿಡೆಂಟ್ ಫಂಡ್ ಬಂದವು. ಆ ನಿಧಿಯ ವಿದ್ಯಾರ್ಥಿವೇತನದಿಂದ ನನ್ನ ಹೈಸ್ಕೂಲಿನ ಪುಸ್ತಕಗಳು ಬಂದವು.

ರಸಾಯನಶಾಸ್ತ್ರ ಓದಿದ ಮೇಲೆ ಆ ಗೆರಸೆ ನನಗೆ ಬೇರೆಯಾಗಿ ಕಾಣತೊಡಗಿತು. 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಹೊಗೆಸೊಪ್ಪಿನಿಂದ ಬೇರ್ಪಡಿಸಿದ ನಿಕೋಟಿನ್, ಸೇದಿದವರೊಳಗೆ ಮಾತ್ರ ಹೋಗುವ ವಸ್ತುವಲ್ಲ. ಚರ್ಮದ ಮೂಲಕವೂ ರಕ್ತಕ್ಕೆ ಇಳಿಯುತ್ತದೆ. ಬೀಡಿ ಕಟ್ಟುವವರ ಮೂತ್ರದಲ್ಲಿ ಅದರ ಕುರುಹಾದ ಕೊಟಿನಿನ್ ಸಿಕ್ಕಿದೆ. ಪುಡಿಯ ದೂಳು ಉಸಿರಿನೊಡನೆ ಒಳಹೋಗುತ್ತದೆ. ಒಮ್ಮೆಯೂ ಬೀಡಿ ಸೇದದ ಅಮ್ಮ ಕೊನೆಯ ಆರು ವರ್ಷ ಕೆಮ್ಮು, ಉಬ್ಬಸದಿಂದ ಬಳಲಿದರು. ಅದಕ್ಕೆ ಹೊಗೆಸೊಪ್ಪೇ ಕಾರಣವೆಂದು ಅವರೊಬ್ಬರ ಮಟ್ಟಿಗೆ ಸಾಧಿಸಿ ತೋರಿಸಲಾರೆ. ಸೌದೆ ಒಲೆಯ ಹೊಗೆಯೂ ಇತ್ತು. ಆದರೆ ನನ್ನ ಡಾಕ್ಟರೇಟಿನ ಖರ್ಚು ಯಾರ ಉಸಿರಿನಿಂದ ಬಂತೆಂಬುದನ್ನು ಮರೆಯಲಾರೆ.

ಇಲ್ಲಿ ಕೆಲಸ ಸಿಕ್ಕಿದ ಮೇಲೆ, “ಇನ್ನು ಸಾಕಮ್ಮಾ” ಎಂದೆ. “ನೀನು ಹಣ ಕಳಿಸುತ್ತೀ, ಸರಿ. ಕೈ ಸುಮ್ಮನಿರಬೇಕಲ್ಲ?” ಎಂದರು. ಬೆರಳುಗಳು ಮಡಚಲಾರದಾದಾಗಲೇ ಗೆರಸೆ ಅಟ್ಟಕ್ಕೇರಿದ್ದು.

ಊರಿನಲ್ಲಿ ಇಂಥ ತಾಯಂದಿರಿರುವ ಸದಸ್ಯರಲ್ಲಿ ಒಂದು ಬಿನ್ನಹ. ಈ ಸಲ ರಜೆಗೆ ಹೋದಾಗ ಸೀರೆ, ಖರ್ಜೂರದ ಜೊತೆಗೆ ಒಂದು ದಿನವನ್ನೂ ಅವರಿಗೆ ಕೊಡಿ. ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಬೀಡಿ ಪಾಸ್‌ಬುಕ್ಕಿನ ಹೆಸರು ಆಧಾರ್ ಕಾರ್ಡಿಗೆ ಹೊಂದುತ್ತದೆಯೇ ನೋಡಿ. ಒಂದು ಅಕ್ಷರದ ವ್ಯತ್ಯಾಸಕ್ಕೂ ಪ್ರಾವಿಡೆಂಟ್ ಫಂಡ್, ಪಿಂಚಣಿ ತಡೆಯಾಗುವುದುಂಟು. ನಮ್ಮಮ್ಮನ ಹಣ ಅವರಿರುವಾಗಲೇ ಕೈಸೇರಿತು. ಅದರಲ್ಲಿ ತಂಗಿಗೆ ಎರಡು ಬಳೆ ಮಾಡಿಸಿದರು. “ಇದು ನನ್ನ ದುಡ್ಡು” ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.