ಗಾಳಿಮಾತಿನ ಗತಿ

1934ನೆಯ ಇಸವಿ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳನ್ನು ಭಾರಿ ಭೂಕಂಪವೊಂದು ನಡುಗಿಸಿತು. ಮುಂಗೇರ್, ಮುಜಫರಪುರ ನಗರಗಳು ಹಾಳಾದುವು. ಹತ್ತು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ನೆಲದ ನಡುಕ ನಿಂತ ಮೇಲೆ ಮತ್ತೊಂದು ಬಗೆಯ ಅಲೆ ಹೊರಟಿತು. ಕಂಪನದ ವೇಳೆ ಗಂಗೆಯ ನೀರೆಲ್ಲ ಮಾಯವಾಗಿ, ಸ್ನಾನ ಮಾಡುತ್ತಿದ್ದವರು ಮರಳಿನಲ್ಲಿ ಹೂತುಹೋದರಂತೆ! ನೇಪಾಳದ ಗಡಿಯಿಂದ ಪ್ರವಾಹವೊಂದು ಮಧುಬನಿಯ ಕಡೆಗೆ ನುಗ್ಗಿ ಬರುತ್ತಿದೆಯಂತೆ! ಜನವರಿ 23 ಕೇಡಿನ ದಿನವಂತೆ. ಚಂದ್ರಗ್ರಹಣದಂದು ಮತ್ತೆ ಘೋರ ಭೂಕಂಪವಾಗುವುದಂತೆ! ನಮ್ಮ ಭಾಷೆಯ ಈ ‘ಅಂತೆ’ ಎಷ್ಟು ಅನುಕೂಲವಾದುದು ನೋಡಿ: ಸುದ್ದಿಯನ್ನು ಸಾಗಿಸಬಹುದು, ಅದರ ಹೊಣೆಯನ್ನು ಹೊರಬೇಕಾಗಿಲ್ಲ.

ಈ ಮಾತುಗಳನ್ನು ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಒಗಟು ಅಡಗಿತ್ತು. ಇವನ್ನು ಆಡಿದವರೂ ಆಲಿಸಿದವರೂ ಮನೆಮಾರು ಕಳೆದುಕೊಂಡವರಲ್ಲ. ನಡುಕವನ್ನು ಬಲವಾಗಿ ಅನುಭವಿಸಿಯೂ ಹಾನಿಯನ್ನು ಕಣ್ಣಾರೆ ಕಾಣದ ಪ್ರದೇಶದವರು. ಪಾರಾದವರು ಸಮಾಧಾನದ ಸುದ್ದಿಯನ್ನು ಬಿಟ್ಟು ಇನ್ನಷ್ಟು ಭಯದ ಸುದ್ದಿಯನ್ನು ಏಕೆ ನಂಬಬೇಕು? ಮುಂದೆ ದುರ್ಗಾನಂದ ಸಿನ್ಹಾ ಅವರು ಡಾರ್ಜಿಲಿಂಗಿನ ಭೂಕುಸಿತವನ್ನು ಕುರಿತು ನಡೆಸಿ, 1952ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟನ್ನು ಮತ್ತಷ್ಟು ಬಿಗಿಗೊಳಿಸಿತು. ಹಾನಿಯ ನಡುವೆಯೇ ಇದ್ದ ಅಲ್ಲಿನ ಜನರಲ್ಲಿ ಅಂತಹ ಭಯಂಕರ ಭವಿಷ್ಯವಾಣಿಗಳು ಹಬ್ಬಲಿಲ್ಲ!

ಅಮೆರಿಕದ ಲಿಯಾನ್ ಫೆಸ್ಟಿಂಜರ್ ಇದಕ್ಕೊಂದು ವಿವರಣೆ ಕೊಟ್ಟರು. ಎದೆ ಹೊಡೆದುಕೊಳ್ಳುತ್ತಿದೆ, ಆದರೆ ಸುತ್ತಲಿನ ಗೋಡೆಗಳು ನೆಟ್ಟಗೆ ನಿಂತಿವೆ. ಭಯ ಉಂಟು, ಭಯಕ್ಕೆ ತಕ್ಕ ಕಾರಣವಿಲ್ಲ. ಈ ವಿಸಂಗತಿಯನ್ನು ಮನಸ್ಸು ಸಹಿಸದು. ವದಂತಿಯು ಆ ಕಾರಣವನ್ನು ಒದಗಿಸುತ್ತದೆ. ಎಂದರೆ, ವದಂತಿಯಿಂದ ಭಯ ಹುಟ್ಟಿತೆಂದು ನಾವು ತಿಳಿಯುವ ಕಡೆಗಳಲ್ಲಿ ಎಷ್ಟೋ ಸಲ ಭಯದಿಂದಲೇ ವದಂತಿ ಹುಟ್ಟಿರುತ್ತದೆ. 1957ರಲ್ಲಿ ಅವರು ಮಂಡಿಸಿದ ಅರಿವಿನ ಅಸಾಂಗತ್ಯ ಸಿದ್ಧಾಂತಕ್ಕೆ ಬಿಹಾರದ ಗಾಳಿಮಾತುಗಳೇ ಪ್ರೇರಣೆ.

ಹತ್ತು ವರ್ಷ ಮೊದಲೇ, 1947ರಲ್ಲಿ, ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಒಂದು ಸೂತ್ರವನ್ನು ಸೂಚಿಸಿದ್ದರು: ವದಂತಿಯ ಬಲವು ವಿಷಯದ ಮಹತ್ವ ಮತ್ತು ಅದರ ಅಸ್ಪಷ್ಟತೆ ಇವುಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಸಂಕಲನವಲ್ಲ, ಗುಣಾಕಾರ ಎಂಬುದನ್ನು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೆ ವದಂತಿಯೂ ಸೊನ್ನೆ. ಓಮನ ನಿಯಮದಂತೆ ಇದನ್ನು ಮಾಪಕದಿಂದ ಅಳೆಯಲಾಗದು, ನಿಜ. ಕೇಳುಗನ ಆತಂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅನಂತರದವರು ತೋರಿಸಿಕೊಟ್ಟರು.

ಅವರ ಒಂದು ಪ್ರಯೋಗವಂತೂ ಮರೆಯಲಾಗದಂಥದು. ರೈಲುಗಾಡಿಯೊಳಗಿನ ದೃಶ್ಯದ ಚಿತ್ರ. ಅದರಲ್ಲಿ ಬಿಳಿಯನೊಬ್ಬನ ಕೈಯಲ್ಲಿ ಕ್ಷೌರದ ಕತ್ತಿ, ಎದುರಿಗೆ ಕರಿಯನೊಬ್ಬ. ನೋಡಿದವನು ಮತ್ತೊಬ್ಬನಿಗೆ, ಅವನು ಇನ್ನೊಬ್ಬನಿಗೆ ಹೀಗೆ ವರ್ಣಿಸುತ್ತ ಹೋದಂತೆ ವಿವರಗಳು ಉದುರಿದುವು, ಉಳಿದವು ಚೂಪಾದುವು. ಅರ್ಧಕ್ಕಿಂತ ಹೆಚ್ಚು ಸರಣಿಗಳಲ್ಲಿ ಎಲ್ಲೋ ಒಂದು ಹಂತದಲ್ಲಿ ಕತ್ತಿ ಕರಿಯನ ಕೈಗೆ ಬಂದಿತ್ತು! ಸುಳ್ಳಾಡಬೇಕೆಂದು ಯಾರೂ ಹೊರಟಿರಲಿಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಅಚ್ಚಿಗೆ ಸುದ್ದಿ ಎರಕಗೊಂಡಿತು, ಅಷ್ಟೆ.

ಬೇಕೆಂದೇ ಎರಕ ಹೊಯ್ಯುವವರೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಚಾರ ವಿಭಾಗವು ಇಂತಹ ಮಾತುಗಳನ್ನು ಶತ್ರುಗಳ ನಡುವೆ ಬಿತ್ತುತ್ತಿತ್ತು. ತಮ್ಮ ತೀರದ ಸಮುದ್ರಕ್ಕೇ ಬೆಂಕಿ ಹಚ್ಚಬಲ್ಲೆವೆಂಬುದು ಅಂತಹುದೊಂದು. ಕಡಲು ದಾಟಬೇಕಾದ ಸೈನಿಕನ ಎದೆಯಲ್ಲಿ ಅದಕ್ಕೆ ಹದವಾದ ನೆಲ ಸಿದ್ಧವಾಗಿತ್ತಲ್ಲವೆ?

ಇನ್ನು ಹರಡುವ ಬಗೆ. 1964ರಲ್ಲಿ ಕೇಂಬ್ರಿಜ್ಜಿನ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ಜನರನ್ನು ಹೆಚ್ಚುಕಡಿಮೆ ಅನಿಲದ ಅಣುಗಳಂತೆ ಭಾವಿಸಿದರು. ಕೇಳದವರು, ಹರಡುವವರು, ಕೇಳಿಯೂ ಸುಮ್ಮನಾದವರು ಎಂದು ಮೂರು ಗುಂಪು. ಹರಡುವವನು ಕೇಳದವನನ್ನು ಸಂಧಿಸಿದರೆ ಹೊಸ ಪ್ರಸಾರಕ ಹುಟ್ಟುತ್ತಾನೆ; ಈಗಾಗಲೇ ಬಲ್ಲವನನ್ನು ಸಂಧಿಸಿದರೆ ‘ಇದು ಹಳೆಯ ಸುದ್ದಿ’ ಎಂದು ತಾನೇ ಬಾಯಿ ಮುಚ್ಚುತ್ತಾನೆ. ಲೆಕ್ಕ ಮಾಡಿದಾಗ, ದೊಡ್ಡ ಸಮುದಾಯದಲ್ಲಿ ಸುಮಾರು ಶೇಕಡ 20 ಮಂದಿಗೆ ಸುದ್ದಿ ಮುಟ್ಟುವ ಮೊದಲೇ ವದಂತಿ ಸಾಯುತ್ತದೆ ಎಂದು ಬಂದಿತು. ಒಬ್ಬನು ಒಂದೇ ಕ್ಷಣದಲ್ಲಿ ನೂರು ಜನರಿಗೆ ಸಂದೇಶ ಕಳುಹಿಸುವ ಕಾಲ ಆ ಗಣಿತಜ್ಞರ ಮುಂದಿರಲಿಲ್ಲ.

ಆ ಕಾಲ ಬೆಂಗಳೂರಿಗೆ ಬಂದದ್ದು 2012ರ ಆಗಸ್ಟ್ ತಿಂಗಳಿನಲ್ಲಿ. ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಹಿಂಸಾಚಾರ ನಡೆದಿತ್ತು. ರಂಜಾನ್ ಮುಗಿದೊಡನೆ ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿಯಾಗುವುದೆಂಬ ಮಾತು ದೂರವಾಣಿಯಿಂದ ದೂರವಾಣಿಗೆ ಹಾರಿತು. ಮಹತ್ವವೋ, ಪ್ರಾಣದ ಪ್ರಶ್ನೆ. ಅಸ್ಪಷ್ಟತೆಯೋ, ಭಾಷೆ ಬೇರೆಯಾದ ಊರು. ಗುಣಲಬ್ಧ ಎಷ್ಟಾಗಬೇಕು! ಆಗಸ್ಟ್ 15ರಿಂದ ಸಾವಿರಾರು ವಿದ್ಯಾರ್ಥಿಗಳೂ ಕೆಲಸಗಾರರೂ ನಗರದ ರೈಲು ನಿಲ್ದಾಣಕ್ಕೆ ನುಗ್ಗಿದರು. ಅವರಿಗಾಗಿ ಗುವಾಹಟಿಗೆ ವಿಶೇಷ ರೈಲುಗಳನ್ನು ಹೊರಡಿಸಿದುದು ಮಾನವೀಯವಾಗಿಯೇ ಇತ್ತು. ಆದರೆ ತುಂಬಿದ ನಿಲ್ದಾಣವನ್ನು ಕಂಡವನಿಗೆ, ಊರಿಗೆ ಊರೇ ಹೊರಟಿರುವಾಗ ಸುದ್ದಿ ಸುಳ್ಳಾಗಿರಲು ಸಾಧ್ಯವೆ ಎಂದೆನಿಸಿದರೆ ಆಶ್ಚರ್ಯವೇನು? ಕೇಂದ್ರ ಸರ್ಕಾರ ಗುಂಪುಸಂದೇಶಗಳನ್ನು 15 ದಿನಗಳ ಮಟ್ಟಿಗೆ ನಿರ್ಬಂಧಿಸಿತು. ಹಿಂಸಾಚಾರದ್ದೆಂದು ಹರಿದಾಡಿದ ಚಿತ್ರಗಳಲ್ಲಿ ಕೆಲವು, ಎಂದೋ ನಡೆದ ಚಂಡಮಾರುತ ಮತ್ತು ಭೂಕಂಪಗಳ ಚಿತ್ರಗಳೆಂದು ಅಧಿಕಾರಿಗಳು ತಿಳಿಸಿದರು. ಹೇಳಲಾಗಿದ್ದ ಸಾಮೂಹಿಕ ದಾಳಿ ಬೆಂಗಳೂರಿನಲ್ಲಿ ನಡೆಯಲಿಲ್ಲ. ಹೋದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ತಮ್ಮ ಕಾಲೇಜುಗಳಿಗೂ ಕೆಲಸಗಳಿಗೂ ಮರಳಿ ಬಂದರು.