ಗಾಜಿನ ಕಿಟಕಿಯ ಬಿಸಿಲಲ್ಲಿ ವಿಟಮಿನ್ ಡಿ ಇಲ್ಲ

2021ರ ಜನವರಿಯ ಕೊರೊನಾ ಲಾಕ್‌ಡೌನಿನಲ್ಲಿ ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ ಎರಡು ಮಾತು ಜೋಡಿಯಾಗಿ ಓಡಾಡುತ್ತಿದ್ದವು. ಒಂದು: “ಹೇಗೂ ಹೊರಗೆ ಹೋಗೋ ಹಾಗಿಲ್ಲ, ಕಿಟಕಿ ಪಕ್ಕ ಬಿಸಿಲಿಗೆ ಕೂತ್ಕೊಳ್ಳಿ, ವಿಟಮಿನ್ ಡಿ ಆದ್ರೂ ಸಿಗುತ್ತೆ.” ಇನ್ನೊಂದು: “ಇವತ್ತು ಪೂರ್ತಿ ಮೋಡ, ವಾಕಿಂಗ್ ಹೋಗಿ ಏನು ಪ್ರಯೋಜನ?” ಮೊದಲನೆಯದು ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು. ಓದಿಕೊಂಡವರು, ಆಸ್ಪತ್ರೆಗಳಲ್ಲಿ ದುಡಿಯುವವರು ಕೂಡ ಇವನ್ನು ಸಲೀಸಾಗಿ ಹೇಳುವುದನ್ನು ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಇಲ್ಲಿನ ಜನವರಿಯ ಸೂರ್ಯ ಕೊಡಲಾಗದ್ದನ್ನು ಕಿಟಕಿಯ ಪಕ್ಕ ಕಾದು ಕೂತು ಬೇಡುತ್ತಾರೆ. ಧಾರಾಳವಾಗಿ ಕೊಡುವುದನ್ನು ಪರದೆ ಎಳೆದು ಬೇಡವೆನ್ನುತ್ತಾರೆ.

ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಬಿಸಿಲಿನ ಒಂದು ಸಣ್ಣ ಪಾಲಿನಿಂದ, ಯುವಿ-ಬಿ ಎಂಬ ಅತಿನೇರಳೆ ಕಿರಣಗಳಿಂದ. ಮನೆಯ ಮಾಮೂಲಿ ಕಿಟಕಿಗಾಜು ಈ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ಇಲ್ಲಿನ ಮನೆಗಳ ಕಿಟಕಿಗಳಿಗಂತೂ ಎರಡು ಪದರ ಗಾಜು. ಗಾಜು ದಾಟಿ ಒಳಗೆ ಬರುವುದು ಕಣ್ಣಿಗೆ ಕಾಣುವ ಬೆಳಕು, ಬೆಚ್ಚಗಿನ ಅವಕೆಂಪು ಕಿರಣ, ಜೊತೆಗೆ ಒಂದಷ್ಟು ಯುವಿ-ಎ. ಈ ಯುವಿ-ಎಯಿಂದ ಚರ್ಮ ಕಪ್ಪಾಗಬಹುದು, ಸುಕ್ಕುಗಟ್ಟಬಹುದು. ವಿಟಮಿನ್ ಡಿ ಮಾತ್ರ ಆಗುವುದಿಲ್ಲ. ಅಂದರೆ ಗಾಜಿನ ಹಿಂದೆ ಕೂತವರಿಗೆ ಬಿಸಿಲಿನ ನಷ್ಟ ಸಿಗುತ್ತದೆ, ಲಾಭ ಸಿಗುವುದಿಲ್ಲ.

ಇದು ನಿನ್ನೆ ಮೊನ್ನೆ ಗೊತ್ತಾದದ್ದೂ ಅಲ್ಲ. 1919ರಲ್ಲಿ ಬರ್ಲಿನ್‌ನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ವಿಟಮಿನ್ ಡಿ ಕೊರತೆಯ ರಿಕೆಟ್ಸ್‌ನಿಂದ ಮೂಳೆ ಬಾಗಿದ ಮಕ್ಕಳಿಗೆ ಪಾದರಸದ ದೀಪದ ಬೆಳಕು ಕೊಟ್ಟು ಗುಣಪಡಿಸಿ ತೋರಿಸಿದರು. ಆ ದೀಪದ ಕೊಳವೆ ಕ್ವಾರ್ಟ್ಸ್‌ನದು. ಬೇಕಾದ ಕಿರಣಗಳನ್ನು ಕ್ವಾರ್ಟ್ಸ್ ಹೊರಗೆ ಬಿಡುತ್ತದೆ, ಮಾಮೂಲಿ ಗಾಜು ನುಂಗಿಬಿಡುತ್ತದೆ. ನೂರು ವರ್ಷ ಕಳೆದರೂ ಈ ಒಂದು ಸಂಗತಿ ನಮ್ಮ ಮನೆಯ ಹಾಲ್‌ವರೆಗೆ ಬಂದು ತಲುಪಿಲ್ಲ.

ಆ ಜನವರಿಯಲ್ಲೊಮ್ಮೆ ವಿಡಿಯೋ ಕಾಲ್‌ನಲ್ಲಿ ರೆಡಿಂಗ್‌ನ ಸ್ನೇಹಿತೆಯ ಅತ್ತೆಯವರನ್ನು ಮಾತಾಡಿಸಿದೆ. ಮೈಸೂರಿನವರು. ಮೊಮ್ಮಗುವನ್ನು ನೋಡಲು ಬಂದವರು 2020ರ ಡಿಸೆಂಬರ್ ಕೊನೆಗೆ ಊರಿಗೆ ಹೊರಡಬೇಕಿತ್ತು. ಆ ತಿಂಗಳ 22ರಿಂದ ಭಾರತ ಇಲ್ಲಿನ ವಿಮಾನಗಳನ್ನು ನಿಲ್ಲಿಸಿದ್ದರಿಂದ ಉಳಿದುಹೋದರು. ಕಿಟಕಿಗೆ ಬೆನ್ನುಕೊಟ್ಟು, ಕಾರ್ಡಿಗನ್ ತೋಳು ಮೊಣಕೈವರೆಗೆ ಮಡಚಿ, ಮುಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತಿದ್ದರು. ಬಿಸಿಲಿನ ಚೌಕ ನೆಲದ ಮೇಲೆ ಸರಿದಂತೆಲ್ಲ ಕುರ್ಚಿಯನ್ನೂ ಸರಿಸಿಕೊಳ್ಳುತ್ತಿದ್ದರು. “ಎಷ್ಟು ಬೆಚ್ಚಗಿದೆ ಗೊತ್ತೇನಮ್ಮಾ? ಮೈಗೆ ಹತ್ತುತ್ತಾ ಇದೆ” ಎಂದರು.

ಈ ನಂಬಿಕೆಯ ಬೇರು ಇರುವುದೇ ಆ ಬೆಚ್ಚಗಿನ ಅನುಭವದಲ್ಲಿ. ಮೈಗೆ ತಗಲುವ ಬಿಸಿ ಅವಕೆಂಪಿನದು. ಯುವಿ-ಬಿ ಬಿದ್ದರೂ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಬೀಳದಿದ್ದರೂ ಗೊತ್ತಾಗುವುದಿಲ್ಲ. ಬಿಸಿಯನ್ನೇ ವಿಟಮಿನ್ ಎಂದುಕೊಳ್ಳುವುದಾದರೆ ಹೀಟರ್ ಮುಂದೆ ಕೂತರೂ ಸಿಗಬೇಕಿತ್ತು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಹೀಗೆ ಮಾಡಿ ಎಂದು ಅವರಿಗೆ ಹೇಳಿಕೊಟ್ಟವರ ಮೇಲೆ ಇದೆ. ಅದು ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ, ಯಾರೋ ಡಾಕ್ಟರ್ ಹೆಸರು ಹೊತ್ತು.

ಸರಿ, ಕಿಟಕಿ ತೆರೆದು ಕೂತರೆ? ತೋಟಕ್ಕೇ ಹೋಗಿ ನಿಂತರೆ? ಜನವರಿಯಲ್ಲಿ ಆಗಲೂ ವಿಟಮಿನ್ ಡಿ ಸಿಗುವುದಿಲ್ಲ. ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ. ಬ್ರಿಟನ್ನಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ ಸೂರ್ಯ ಎಷ್ಟು ತಗ್ಗಿನಲ್ಲಿ ಹಾಯುತ್ತಾನೆಂದರೆ, ಅವನ ಕಿರಣ ಓರೆಯಾಗಿ ಬಹಳ ದಪ್ಪದ ಗಾಳಿಯನ್ನು ಸೀಳಿಕೊಂಡು ಬರಬೇಕು; ಆ ದಾರಿಯಲ್ಲೇ ಓಝೋನ್ ಪದರ ಯುವಿ-ಬಿಯನ್ನು ಹೀರಿಕೊಂಡಿರುತ್ತದೆ. ಡಿಸೆಂಬರ್ 21ರ ಆಸುಪಾಸು ಲಂಡನ್ನಿನಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ. ಐದೂವರೆ ಅಡಿ ಎತ್ತರದವರ ನೆರಳು ಆಗ ಇಪ್ಪತ್ತು ಅಡಿ ಚಾಚಿಕೊಂಡಿರುತ್ತದೆ. ಅದೇ ದಿನ ಅದೇ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ 53 ಡಿಗ್ರಿ ದಾಟಿರುತ್ತಾನೆ, ನೆರಳು ಅವರ ಎತ್ತರಕ್ಕಿಂತ ಗಿಡ್ಡ. ಅಳತೆ ಸುಲಭ: ನೆರಳು ನಿಮಗಿಂತ ಉದ್ದವಿದ್ದರೆ ಆ ಬಿಸಿಲಿನಿಂದ ಹೇಳಿಕೊಳ್ಳುವಷ್ಟು ವಿಟಮಿನ್ ಡಿ ಬರುವುದಿಲ್ಲ.

ಇದೇ ಅಳತೆ ಹಿಡಿದು ನೋಡಿದರೆ ಊರಿನಲ್ಲಿ ನಾವೆಲ್ಲ ಕೇಳಿ ಬೆಳೆದ ಎಳೆಬಿಸಿಲಿನ ಮಾತೂ ನಿಲ್ಲುವುದಿಲ್ಲ. ಬೆಳಗ್ಗೆ ಏಳರ ಎಳೆಬಿಸಿಲು ಹಿತ, ಎಚ್ಚರಕ್ಕೆ ಒಳ್ಳೆಯದು, ವಿಟಮಿನ್ ಡಿಗೆ ಬಹುತೇಕ ಶೂನ್ಯ. ಅದಕ್ಕೆ ಬೇಕಾದದ್ದು ನಾವು ಕೊಡೆ ಹಿಡಿದು ತಪ್ಪಿಸಿಕೊಳ್ಳುವ ಹತ್ತು ಗಂಟೆಯ ನಂತರದ ಬಿಸಿಲು, ಅದೂ ಸ್ವಲ್ಪ ಹೊತ್ತು.

ಹಾಗಾದರೆ ಇಲ್ಲಿರುವವರು ಏನು ಮಾಡಬೇಕು? ಮಾತ್ರೆ ತಗೋಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಲಹೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು. ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ. ಊಟದಿಂದ ಇದನ್ನು ತುಂಬಿಸಿಕೊಳ್ಳುವುದು ಸಸ್ಯಾಹಾರಿ ಮನೆಗಳಲ್ಲಿ ಆಗದ ಮಾತು: ಇದು ಚೆನ್ನಾಗಿ ಇರುವುದು ಎಣ್ಣೆಯಂಶದ ಮೀನಿನಲ್ಲಿ, ಒಂದಿಷ್ಟು ಮೊಟ್ಟೆಯ ಹಳದಿಯಲ್ಲಿ. ಅಮೆರಿಕದಲ್ಲಿ ಹಾಲಿಗೆ ಇದನ್ನು ಬೆರೆಸುತ್ತಾರೆ, ಬ್ರಿಟನ್ನಿನ ಮಾಮೂಲಿ ಹಾಲಿಗೆ ಬೆರೆಸುವುದಿಲ್ಲ. ಅನ್ನ, ಸಾರು, ಪಲ್ಯ, ಮೊಸರು ಎಷ್ಟು ಒಳ್ಳೆಯ ಊಟವಾದರೂ ಈ ಒಂದು ವಿಷಯದಲ್ಲಿ ಕೈಕೊಡುತ್ತದೆ. ಕ್ಯಾಪ್ಸೂಲಿನ ಜೆಲಟಿನ್ ಬೇಡವೆನ್ನುವವರಿಗೆ ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಸಿಗುತ್ತದೆ. ಡಬ್ಬಿಯ ಹಿಂಬದಿ ಓದಿ ಕೊಳ್ಳಿ.

ನಮ್ಮವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಮೈಬಣ್ಣ ದಟ್ಟವಾದಷ್ಟೂ ಅಷ್ಟೇ ವಿಟಮಿನ್ ತಯಾರಿಸಲು ಹೆಚ್ಚು ಹೊತ್ತಿನ ಬಿಸಿಲು ಬೇಕು. 1960ರ ದಶಕದಲ್ಲಿ ಗ್ಲಾಸ್ಗೋ ನಗರದ ವೈದ್ಯರು ಭಾರತ, ಪಾಕಿಸ್ತಾನಗಳಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಗುರುತಿಸಿದರು. ಆ ನಾಡು ಮರೆತೇಬಿಟ್ಟಿದ್ದ ಕಾಯಿಲೆ ಅದು. ಅಲ್ಲಿನ ಮಕ್ಕಳಿಗೆ ವಿಟಮಿನ್ ಡಿ ಹನಿಗಳನ್ನು ಉಚಿತವಾಗಿ ಹಂಚಿದ ಮೇಲೆ ಇಳಿಯಿತು. 1981ರಲ್ಲಿ ದೇಶದ ಮಟ್ಟದಲ್ಲಿ ರಿಕೆಟ್ಸ್ ತಡೆಯುವ ಆಂದೋಲನವೇ ನಡೆಯಿತು. ಕಿಟಕಿಯ ಪಕ್ಕ ಕೂರಿಸಿ ಯಾರೂ ಆ ಮಕ್ಕಳನ್ನು ಗುಣಪಡಿಸಲಿಲ್ಲ.

ಮಾತ್ರೆ ಎಂದೊಡನೆ ಸೂಟ್‌ಕೇಸಿನ ಮೂಲೆಯಿಂದ ಊರಿನ ಸ್ಯಾಶೆ ಹೊರಗೆ ಬರುತ್ತದೆ, 60,000 ಐಯುದು. ಅದು ಕೊರತೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಬರೆದುಕೊಡುವ ಔಷಧ. ಇಲ್ಲಿನ ದಿನದ ಮಾತ್ರೆಯ ನೂರೈವತ್ತು ಪಟ್ಟು. “ಕೊರೊನಾ ಕಾಲ, ದಿನಾ ಒಂದು ಇರಲಿ” ಎಂದು ನುಂಗುವವರಿದ್ದರು, ದಯವಿಟ್ಟು ಬೇಡ. ಈ ವಿಟಮಿನ್ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುವಂಥದ್ದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು. ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದೆಂದು ಎನ್‌ಎಚ್‌ಎಸ್ ಎಚ್ಚರಿಸುತ್ತದೆ. ಆ ಒಂದು ಸ್ಯಾಶೆಯಲ್ಲಿರುವುದು 1,500. ಇನ್ನು ಕೊರೊನಾಗೆ ಇದು ಮದ್ದೇ ಎಂದರೆ, ಹಾಗೆ ಹೇಳಲು ಸಾಕಷ್ಟು ಪುರಾವೆ ಇಲ್ಲವೆಂದು ಇಲ್ಲಿನ ಆರೋಗ್ಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2020ರ ಡಿಸೆಂಬರ್‌ನಲ್ಲೇ ತಿಳಿಸಿತ್ತು. ಮೂಳೆಗೆ, ಮಾಂಸಖಂಡಕ್ಕೆ ಬೇಕು, ಅದಕ್ಕಾಗಿ ತಗೊಳ್ಳಿ ಎಂದೂ ಹೇಳಿತ್ತು.

ಈಗ ಮೋಡದ ಮಾತು. ವಿಟಮಿನ್‌ಗೆ ಪ್ರಯೋಜನವಿಲ್ಲದ ಈ ಆಕಾಶ ಇನ್ನೊಂದು ಕೆಲಸಕ್ಕೆ ಬೇಕೇ ಬೇಕು. ನಮ್ಮ ನಿದ್ದೆ, ಎಚ್ಚರ, ಲವಲವಿಕೆಗಳನ್ನು ನಡೆಸುವ ಮೈಯೊಳಗಿನ ಗಡಿಯಾರ ದಿನಾ ತನ್ನ ಹೊತ್ತನ್ನು ಸರಿಪಡಿಸಿಕೊಳ್ಳುವುದು ಕಣ್ಣಿಗೆ ಬೀಳುವ ಬೆಳಕಿನಿಂದ. ಇದಕ್ಕೆಂದೇ ಕಣ್ಣಿನ ಒಳಪರದೆಯಲ್ಲಿ ಬೇರೆ ಜೀವಕೋಶಗಳಿವೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಅವನ್ನು 2002ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಚಿತ್ರ ನೋಡಲು ನೆರವಾಗುವುದು ಈ ಕೋಶಗಳ ಮುಖ್ಯ ಕೆಲಸವಲ್ಲ. ಹಗಲೋ ಇರುಳೋ, ಬೆಳಕು ಎಷ್ಟಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಅವಕ್ಕೆ ಯುವಿ-ಬಿ ಬೇಕಿಲ್ಲ, ಬೇಕಾದದ್ದು ಬೆಳಕಿನ ಪ್ರಮಾಣ.

ಪ್ರಮಾಣ ಎಷ್ಟೆಂದು ಅಂದಾಜಿಸುವುದರಲ್ಲಿ ನಮ್ಮ ಕಣ್ಣು ಭಾರೀ ಮೋಸ ಮಾಡುತ್ತದೆ. ಸಂಜೆ ಲೈಟು ಹಾಕಿದ ಹಾಲ್ ನಮಗೆ ಝಗಮಗ ಕಾಣುತ್ತದೆ. ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಅಲ್ಲಿರುವುದು ನೂರರಿಂದ ಮುನ್ನೂರು. ಹೊರಗೆ ಮಂಕು ಕವಿದ ಮಧ್ಯಾಹ್ನದಲ್ಲಿ ಕೆಲವು ಸಾವಿರ ಲಕ್ಸ್ ಇರುತ್ತದೆ, ತೀರಾ ದಟ್ಟ ಮೋಡವಿದ್ದರೂ ಸಾವಿರ ದಾಟುತ್ತದೆ. ಪಾಪೆ ಕಿರಿದಾಗಿ, ಕಣ್ಣು ಒಗ್ಗಿಕೊಂಡು, ಹತ್ತಿಪ್ಪತ್ತು ಪಟ್ಟಿನ ಈ ಅಂತರವನ್ನು ನಮ್ಮಿಂದ ಮುಚ್ಚಿಡುತ್ತದೆ. ನಂಬಿಕೆ ಬಾರದಿದ್ದರೆ ಫೋನಿಗೊಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅಳತೆ ಒರಟು, ಆದರೆ ಅಂತರ ಕಾಣಲು ಸಾಕು. ಫೋನನ್ನು ಊಟದ ಮೇಜಿನ ಮೇಲಿಟ್ಟು ನೋಡಿ, ಕಿಟಕಿಗೆ ಒತ್ತಿ ನೋಡಿ, ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದು ನೋಡಿ. ಅಂಕಿ ದಡದಡನೆ ಇಳಿಯುತ್ತದೆ. ಆಮೇಲೆ ಬಾಗಿಲು ತೆಗೆದು, ನೀವೇ “ಬೆಳಕೇ ಇಲ್ಲ” ಎಂದು ಬೈದ ಆಕಾಶಕ್ಕೆ ಹಿಡಿಯಿರಿ.

ಲಾಕ್‌ಡೌನಿನ ಮನೆಯಲ್ಲಿ ಆಗುತ್ತಿದ್ದುದನ್ನು ಈ ಅಂಕಿಗಳ ಪಕ್ಕ ಇಟ್ಟು ಯೋಚಿಸಿ. ಜನವರಿಯಲ್ಲಿ ಬೆಳಗ್ಗೆ ಎಂಟಕ್ಕೆ ಹೊತ್ತು ಮೂಡುತ್ತದೆ, ನಾಲ್ಕೂವರೆಯೊಳಗೆ ಮುಳುಗುತ್ತದೆ. ಮೊದಲಾದರೆ ಸ್ಟೇಷನ್ನಿಗೆ, ಶಾಲೆಯ ಗೇಟಿಗೆ ನಡೆಯುವಾಗಲಾದರೂ ಹಗಲು ಕಣ್ಣಿಗೆ ಬೀಳುತ್ತಿತ್ತು. ಲಾಕ್‌ಡೌನಿನಲ್ಲಿ ಮಂಚದಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ಟಿವಿಗೆ. ಕಣ್ಣಿಗೆ ಇಡೀ ದಿನ ಮುಸ್ಸಂಜೆಯೇ. ರಾತ್ರಿ ಎರಡಾದರೂ ನಿದ್ದೆ ಬರುತ್ತಿರಲಿಲ್ಲ, ಬೆಳಗ್ಗೆ ಏಳಲಾಗುತ್ತಿರಲಿಲ್ಲ ಎಂದರೆ ಆಶ್ಚರ್ಯವೇನಿತ್ತು! ಇಂಗ್ಲೆಂಡಿನ ಆಗಿನ ನಿಯಮವೂ ದಿನಕ್ಕೊಮ್ಮೆ ವ್ಯಾಯಾಮಕ್ಕೆಂದು ಹೊರಗೆ ಹೋಗಲು ಬಿಡುತ್ತಿತ್ತು. “ಹೊರಗೆ ಹೋಗೋ ಹಾಗಿಲ್ಲ” ಎಂಬ ಮಾತೇ ಸುಳ್ಳಾಗಿತ್ತು. ಚಳಿಗಾಲದಲ್ಲಿ ದಿನದ ವಾಕಿಂಗನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ತಡವಾದರೂ ಮಧ್ಯಾಹ್ನ ಮೀರಿಸಬೇಡಿ. ನಾಲ್ಕರ ಮೇಲೆ ಹೊರಟರೆ ಕಾಲಿಗೆ ಕೆಲಸವಾದೀತು, ಕಣ್ಣಿಗೆ ಏನೂ ದಕ್ಕದು. ಕೆಲಸದ ಮೇಜನ್ನು ಕಿಟಕಿಗೆ ಅಂಟಿಸಿ ಇಡಿ. ಈ ಕೆಲಸಕ್ಕೆ ಗಾಜು ಅಡ್ಡಿಯಲ್ಲ.

ಚಳಿಗಾಲದ ಮಂಕೆಲ್ಲ ಕಾಯಿಲೆಯಲ್ಲ. ಆದರೆ ಪ್ರತಿ ಚಳಿಗಾಲವೂ ತಪ್ಪದೆ ಬಂದು ಕೂರುವ ಖಿನ್ನತೆ ನಿಜವಾದ ಕಾಯಿಲೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ಅದನ್ನು ವಿವರಿಸಿ, ಪ್ರಖರ ದೀಪದ ಚಿಕಿತ್ಸೆಯನ್ನೂ ಮುಂದಿಟ್ಟರು. ಇಂದು ಆ ದೀಪದ ಸಾಮಾನ್ಯ ಪ್ರಮಾಣ 10,000 ಲಕ್ಸ್, ಬೆಳಗ್ಗೆ ಅರ್ಧ ಗಂಟೆ. “ಸೋಮಾರಿತನ, ಎದ್ದು ಓಡಾಡಿದರೆ ಹೋಗುತ್ತೆ” ಎಂದು ಅಂಥವರಿಗೆ ಬುದ್ಧಿ ಹೇಳುವ ಮನೆಯವರು ದಯವಿಟ್ಟು ಬಾಯಿ ಮುಚ್ಚಿಕೊಂಡು ಜಿಪಿಗೆ, ಅಂದರೆ ಮನೆಯ ವೈದ್ಯರಿಗೆ, ಫೋನ್ ಮಾಡಲಿ.

ಚಳಿಗಾಲದ ಉಳಿದ ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ಆ ದೀಪದಿಂದ ವಿಟಮಿನ್ ಡಿ ಸಿಗುತ್ತದೆ ಎಂಬುದು ಸುಳ್ಳು, ಅದರಲ್ಲಿ ಅತಿನೇರಳೆಯನ್ನು ಸೋಸಿ ತೆಗೆದಿರುತ್ತಾರೆ. ಜನವರಿಯ ಮೂರನೇ ಸೋಮವಾರ ವರ್ಷದಲ್ಲೇ ಅತ್ಯಂತ ದುಃಖದ ದಿನ ಎಂಬುದು 2005ರಲ್ಲಿ ಒಂದು ಪ್ರವಾಸದ ಟಿವಿ ಚಾನೆಲ್ ಪ್ರಚಾರಕ್ಕೆಂದು ಹರಿಯಬಿಟ್ಟ ಸೂತ್ರ, ವಿಜ್ಞಾನವಲ್ಲ. ಬ್ರಾಂದಿ ಮೈ ಬೆಚ್ಚಗಿಡುವುದಿಲ್ಲ. ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಕಿಟಕಿ ಎಲ್ಲ ಬಿಗಿದು ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು, ಒಳಗಿನ ಗಾಳಿಗೆ ವೈರಸ್ಸು. ದಿನಕ್ಕೆ ಕೆಲವು ಸಲ ಐದೈದು ನಿಮಿಷ ತೆರೆಯಿರಿ.

ನನ್ನನ್ನು ಕಾಡುವುದು ನಮ್ಮ ನಂಬುವ ರೀತಿ. ಹತ್ತು ಪೌಂಡಿನ ಸಾಮಾನು ಕೊಳ್ಳಲು ನೂರು ರಿವ್ಯೂ ಓದುವ ನಾವು, ಮೈಗೆ ಸಂಬಂಧಿಸಿದ್ದನ್ನು ಮಾತ್ರ ಯಾರು ಕಳಿಸಿದರು ಎಂದಷ್ಟೇ ನೋಡಿ ಒಪ್ಪಿಕೊಳ್ಳುತ್ತೇವೆ. ಚಿಕ್ಕಪ್ಪ ಕಳಿಸಿದ್ದನ್ನು ತಪ್ಪೆನ್ನಲು ಮುಜುಗರ, ಡಾಕ್ಟರ್ ಹೆಸರಿದ್ದರೆ ಕೇಳುವುದೇ ಬೇಡ, ಕೆಳಗೆ ಕೈಮುಗಿದ ಚಿಹ್ನೆ ಹಾಕಿ ಮೂರು ಗುಂಪಿಗೆ ದಾಟಿಸಿದರಾಯಿತು. ಕಿಟಕಿಯ ಬಿಸಿಲಿನಿಂದ ಯಾರಿಗೇನು ನಷ್ಟ ಎಂದು ಕೇಳುತ್ತಾರೆ. ನಷ್ಟವಿದೆ. ಸಿಕ್ಕಿತು ಎಂದುಕೊಂಡವರು ಮಾತ್ರೆ ಕೊಳ್ಳುವುದಿಲ್ಲ. ಮಾರ್ಚ್ ಹೊತ್ತಿಗೆ ಅದೇ ಹಿರಿಯರು ಸೊಂಟ ನೋವು, ತೊಡೆ ನೋವು, ಮೆಟ್ಟಿಲು ಹತ್ತಲಾಗದು ಎನ್ನುತ್ತಾರೆ. ಎಲ್ಲರೂ ಅದನ್ನು ವಯಸ್ಸಿನ ಮೇಲೆ ಹಾಕುತ್ತಾರೆ.

ಇನ್ನೊಂದು ಮಾತು ವಸಂತದ ಜೊತೆಗೇ ಹೊರಡುತ್ತದೆ: “ಏಪ್ರಿಲ್ ಬಂತಲ್ಲ, ಇನ್ನು ಮಾತ್ರೆ ಸಾಕು.” ಆಗ ಇಲ್ಲಿನ ಬಿಳಿಯ ಮೈಬಣ್ಣದ ಬಹುತೇಕರಿಗೆ ಸಾಕು. ದಕ್ಷಿಣ ಏಷ್ಯಾ ಮೂಲದವರು, ಹೆಚ್ಚು ಹೊತ್ತು ಮನೆಯೊಳಗೇ ಇರುವವರು, ಮೈತುಂಬ ಬಟ್ಟೆ ಹೊದ್ದು ಓಡಾಡುವವರು ವರ್ಷವಿಡೀ ತಗೊಳ್ಳುವುದನ್ನು ಪರಿಗಣಿಸಬೇಕೆಂದೇ ಇಲ್ಲಿನ ಸಲಹೆ. ಡಬ್ಬಿ ಖಾಲಿಯಾದರೆ ಇನ್ನೊಂದು ತನ್ನಿ.