ಬಾಡಿಗೆ ಕಂಪ್ಯೂಟರಿಗೂ ಬೀಗ ಬೇಕು

ಬಾಡಿಗೆ ಮನೆ ನಿಮಗೆ ಗೊತ್ತು. ಕಂಪ್ಯೂಟರೂ ಬಾಡಿಗೆಗೆ ಸಿಗುತ್ತೆ. ಅದಕ್ಕೆ ಕ್ಲೌಡ್ ಸರ್ವರ್ ಅಂತಾರೆ. ಕ್ಲೌಡ್ ಅಂದರೆ ಮೋಡ. ಆದರೆ ಅದು ಆಕಾಶದಲ್ಲಿಲ್ಲ. ದೂರದ ಕಟ್ಟಡದ ಒಂದು ಯಂತ್ರದಲ್ಲಿದೆ.

ನಿಮ್ಮ ಹಾಲಿನ ಸಂಘದ ಲೆಕ್ಕ ಅದರಲ್ಲಿದೆ ಅನ್ನಿ. ಕಳ್ಳ ಹೊಕ್ಕರೆ ಲೆಕ್ಕ ಅಳಿಸಬಹುದು. ಆಗ ಹಾಲಿನ ದುಡ್ಡು ಯಾರಿಗೆ ಎಷ್ಟು?

ಕಟ್ಟಡ ಕಾಯುವುದು ಮಾಲೀಕರ ಕೆಲಸ. ಒಳಗಿನ ಬೀಗ ಬಾಡಿಗೆದಾರರ ಹೊಣೆ.

ಸರ್ವರಿಗೆ ಬಾಗಿಲು ಹಲವು. ಒಂದೊಂದಕ್ಕೂ ನಂಬರು ಇದೆ. ಕೆಲಸದವರು ದೂರದಿಂದ ಒಳಹೋಗುವ ಬಾಗಿಲು ಸಾಮಾನ್ಯವಾಗಿ 22. ಕಳ್ಳರು ಹಗಲೂ ರಾತ್ರಿ ಅದನ್ನೇ ತಟ್ಟುತ್ತಾರೆ. ಪಾಸ್‌ವರ್ಡ್ ಊಹಿಸುತ್ತಾರೆ. ಅದಕ್ಕೇ ಪಾಸ್‌ವರ್ಡ್ ಸಾಲದು. ಡಿಜಿಟಲ್ ಕೀಲಿಕೈ ಬೇಕು. ಬೇಡದ ಬಾಗಿಲು ಮುಚ್ಚಬೇಕು. ಅಪ್‌ಡೇಟ್ ಬಂದ ಕೂಡಲೇ ಹಾಕಬೇಕು. ಲೆಕ್ಕದ ನಕಲು ಬೇರೆ ಕಡೆ ಇಡಬೇಕು.

ಸಂಘದ ಸಭೆಯಲ್ಲಿ ಕೇಳಿ: "ನಮ್ಮ ಲೆಕ್ಕಕ್ಕೆ ಬೀಗ ಇದೆಯಾ? ಕೀಲಿಕೈ ಯಾರ ಹತ್ತಿರ ಇದೆ?"